ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ



ನಮ್ಮ ಪತ್ರಿಕೆಯ ಮುಂಗಾರು ಸಂಚಿಕೆ ಸಾಮಾನ್ಯವಾಗಿ ಮಲೆನಾಡಿನ ಮಳೆಯಿಂದಲೇ ಆರಂಭವಾಗುತ್ತದೆ. ಈ ಸಲ ಘಟ್ಟವನ್ನು ಬೆನ್ನಿಗೆ ಬಿಟ್ಟು ಬಯಲಿಗೆ ಇಳಿಯಬೇಕಾಗಿದೆ. ಕಳೆದ ಮೇ ತಿಂಗಳಿನಲ್ಲಿ ಒಕ್ಕೂಟದ ನಾವು ನಾಲ್ವರು ಒಂದು ವಿಡಿಯೊ ಕ್ಯಾಮೆರಾ, ಒಂದು ದುರ್ಬೀನು, ಎರಡು ಕೊಡೆಗಳನ್ನು ಹೊತ್ತು ಕೊಪ್ಪಳ ತಾಲ್ಲೂಕಿನ ಅಳವಂಡಿಯ ಸುತ್ತಲಿನ ಎರೆಹೊಲಗಳಲ್ಲಿ ಐದು ದಿನ ಅಲೆದೆವು. ಹೋದದ್ದು ಒಂದು ಓತಿಯನ್ನು ಹುಡುಕಿ ಚಿತ್ರೀಕರಿಸಲು. ಮರಳಿದ್ದು ಒಂದು ಜಗಳದೊಂದಿಗೆ. ಆ ಜಗಳ ಒಕ್ಕೂಟದೊಳಗೆ ಇನ್ನೂ ಮುಗಿದಿಲ್ಲ. ಅದನ್ನು ಓದುಗರ ಮುಂದಿಡುವುದು ಲೇಸೆಂದು ತೋರಿದ್ದರಿಂದ ಈ ಸಂಪಾದಕೀಯ.

ಜೋಳ, ಕಡಲೆ, ಕುಸುಬೆಗಳ ಒಕ್ಕಲು ಮುಗಿದ ಮೇಲೆ ಆ ನಾಡು ಮಲೆನಾಡಿನವರ ಕಣ್ಣಿಗೆ ಶೂನ್ಯವಾಗಿಯೇ ಕಾಣುತ್ತದೆ. ಕಪ್ಪು ನೆಲ ಅಂಗೈ ತೂರುವಷ್ಟು ಅಗಲಕ್ಕೆ ಬಿರಿದಿರುತ್ತದೆ. ನೆರಳೆಂದರೆ ಹಳ್ಳದ ದಂಡೆಯ ನಾಲ್ಕಾರು ಜಾಲಿ, ಬೇವುಗಳು. ಪಡುವಣದಲ್ಲಿ ಕಪ್ಪತಗುಡ್ಡದ ಸಾಲು ಮಸುಕಾಗಿ ತೋರುತ್ತದೆ. ಉಳಿದಂತೆ ಕಣ್ಣು ಹಾಯುವವರೆಗೂ ಬಯಲು, ಆ ಬಯಲಿನ ಮೇಲೆ ಅಲ್ಲೊಂದು ಇಲ್ಲೊಂದು ಗಾಳಿಯಂತ್ರ. ಮೊದಲ ದಿನ ನಾವು ತಲೆತಗ್ಗಿಸಿ ಬದುವಿನಿಂದ ಬದುವಿಗೆ ನಡೆಯುತ್ತಿದ್ದುದನ್ನು ಕಂಡು ಕುರಿ ಕಾಯುವ ಹಿರಿಯರೊಬ್ಬರು ಕೋಲಿಗೆ ಗದ್ದವೂರಿ ಕೇಳಿದರು: “ಏನ್ ಕಳಕೊಂಡೀರ್ರಿ?”

“ಏನೂ ಕಳೆದಿಲ್ಲ ಅಜ್ಜ, ಓತಿಕ್ಯಾತ ಹುಡುಕ್ತಾ ಇದ್ದೀವಿ.”

“ಅದನ್ನ ಹುಡುಕೂದೇನೈತ್ರಿ? ಬಿಸಲ ಏರ್ಲಿ, ಒಡ್ಡಿನ ಕಲ್ಲಿನ ಮ್ಯಾಲ ತಾನ ಬಂದ ಕುಂಡ್ರತೈತಿ. ನೀವು ಒಂದ ಕಡೆ ಕುಂಡ್ರೂದು ಕಲೀಬೇಕು.”

ಸರೀಸೃಪಗಳನ್ನು ಹುಡುಕುವ ವಿದ್ಯೆಯೆಲ್ಲ ಆ ಮಾತಿನಲ್ಲಿ ಇತ್ತು. ಹಕ್ಕಿಯನ್ನು ಅದರ ದನಿ ಹಿಡಿದು ಹುಡುಕಬಹುದು, ಆನೆಯನ್ನು ಲದ್ದಿಯ ಜಾಡಿನಲ್ಲಿ ಅರಸಬಹುದು. ತಣ್ಣೆತ್ತರಿನ ಈ ಜೀವಿಗಳನ್ನು ಹುಡುಕುವವನು ಅರಸಬೇಕಾದುದು ಬಿಸಿಲನ್ನು. ಬೆಳಗಿನ ಎಂಟರ ಹೊತ್ತಿಗೆ ಕಲ್ಲು ಕಾಯತೊಡಗುತ್ತದೆ, ಓತಿ ಮೈ ಕಾಯಿಸಿಕೊಳ್ಳಲು ಹೊರಬರುತ್ತದೆ. ಹನ್ನೊಂದರ ಮೇಲೆ ನೆಲ ಸುಡುತ್ತದೆ. ಪೊದೆಯ ಬುಡಕ್ಕೋ ಬಿರುಕಿನೊಳಕ್ಕೋ ಸೇರಿಕೊಳ್ಳುತ್ತದೆ. ಮತ್ತೆ ಸಂಜೆಯ ನಾಲ್ಕರ ನಂತರ ಒಂದಿಷ್ಟು ಹೊತ್ತು. ಇಪ್ಪತ್ತು ಮೂವತ್ತು ಹೆಜ್ಜೆ ದೂರದಲ್ಲಿ, ನಮ್ಮ ನೆರಳು ಅದರ ಮೇಲೆ ಬೀಳದಂತೆ, ನೆಲಕ್ಕೆ ಹೊಂದಿ ಕೂರಬೇಕು. ಮೇಲಿನಿಂದ ಬೀಳುವ ನೆರಳೆಂದರೆ ಓತಿಯ ಲೆಕ್ಕದಲ್ಲಿ ಗಿಡುಗ. ಎರಡನೆಯ ಬೆಳಗ್ಗೆ ಹಾಗೆ ಕುಳಿತೆವು. ಒಂದು ಗಂಟೆ ಏನೂ ಇಲ್ಲ. ಆಮೇಲೆ, ಅಷ್ಟು ಹೊತ್ತು ನೋಡುತ್ತಲೇ ಇದ್ದ ಒಂದು ಕಲ್ಲಿನ ತುದಿಯಲ್ಲಿ, ಗೇಣುದ್ದದ ಮಣ್ಣುಬಣ್ಣದ ಓತಿ ಮುಂಗಾಲೂರಿ ಎದೆಯೆತ್ತಿ ನಿಂತಿತ್ತು. ಮರುಕ್ಷಣ ಅದರ ಕೊರಳಡಿಯಿಂದ ನೀಲಿ, ಕಪ್ಪು, ಕಿತ್ತಳೆಯ ಬೀಸಣಿಗೆಯೊಂದು ಬಿಚ್ಚಿತು, ಮಡಚಿತು, ಮತ್ತೆ ಬಿಚ್ಚಿತು. ಆ ಬೂದುಬಯಲಿನಲ್ಲಿ ಅಂಥ ಬಣ್ಣಕ್ಕೆ ನಾವು ಸಿದ್ಧರಿರಲಿಲ್ಲ. ಕ್ಯಾಮೆರಾ ಹಿಡಿದ ಗೆಳೆಯ ಗುಂಡಿ ಒತ್ತುವುದನ್ನೇ ಮರೆತ.

ಇದು ಬೀಸಣಿಗೆಗೊರಳಿನ ಓತಿ. ಗಂಡಿಗೆ ಮಾತ್ರ ಈ ಗಂಟಲಚೀಲ. ಬೇಸಿಗೆಯ ಎರಡು ಮೂರು ತಿಂಗಳು ಬಣ್ಣವೇರಿ, ಕಲ್ಲನ್ನೋ ಹೆಂಟೆಯನ್ನೋ ಸಿಂಹಾಸನ ಮಾಡಿಕೊಂಡು, ಹೆಣ್ಣನ್ನು ಕರೆಯಲೂ ಪಕ್ಕದ ಗಂಡನ್ನು ದೂರವಿಡಲೂ ಅದನ್ನು ಬೀಸುತ್ತದೆ. ಬೆದರಿದರೆ ಹಿಂಗಾಲುಗಳ ಮೇಲೆಯೇ ಎದ್ದು ಓಡುತ್ತದೆ. ಹೆಣ್ಣು ಮೊಟ್ಟೆಯಿಡುವುದು ಮಣ್ಣಿನೊಳಗೆ. ಫ್ರಾನ್ಸಿನ ಕ್ಯುವಿಯೆ ಪುದುಚೇರಿಯ ಹೆಸರಿಟ್ಟು 1829ರಲ್ಲಿ ಇವುಗಳಲ್ಲೊಂದನ್ನು ವರ್ಣಿಸಿದ. ಬ್ರಿಟಿಷ್ ಸೇನೆಯ ವೈದ್ಯ ಜೆರ್ಡನ್ 1870ರಲ್ಲಿ ದಖ್ಖನಿನ ಹೆಸರಿನಲ್ಲಿ ಇನ್ನೊಂದನ್ನು ದಾಖಲಿಸಿದ. ಅಲ್ಲಿಂದ ಮುಂದೆ ಸುಮಾರು ಒಂದೂವರೆ ಶತಮಾನ ಇವುಗಳತ್ತ ಆಳವಾಗಿ ನೋಡಿದವರು ವಿರಳ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಅವರ ಜೊತೆಗಾರರೂ 2016ರಲ್ಲಿ ಐದು ಹೊಸ ಪ್ರಭೇದಗಳನ್ನು, ಜೊತೆಗೆ ‘ಸರಡಾ’ ಎಂಬ ಹೊಸ ಕುಲವನ್ನೇ ಪ್ರಕಟಿಸಿದರು. ಸರಡಾ ಎಂದರೆ ಮರಾಠಿಯಲ್ಲಿ ಓತಿ. ಉತ್ತರ ಕರ್ನಾಟಕ ಮತ್ತು ದಕ್ಷಿಣ ಮಹಾರಾಷ್ಟ್ರದ ಓತಿಗೆ ಡಾರ್ವಿನ್‌ನ ಹೆಸರು ಬಂತು. ಹುಲಿ, ಆನೆಗಳ ಬಗ್ಗೆ ಗ್ರಂಥಭಂಡಾರವೇ ಇರುವ ನಾಡಿನಲ್ಲಿ, ಹೊಲದ ಬದುವಿನ ಮೇಲೆ ಹಾಡಹಗಲು ಬಣ್ಣ ಬೀಸುತ್ತಿದ್ದ ಪ್ರಾಣಿಗೆ ಸರಿಯಾದ ಹೆಸರು ಸಿಗಲು 2016 ಬರಬೇಕಾಯಿತು!

ಇನ್ನು ಜಗಳದ ವಿಷಯ.

ಮೂರನೆಯ ದಿನ ಒಂದು ಗಂಡು ಓತಿ ನಮಗೆ ಬಹಳ ಸಲೀಸಾಗಿ ಒದಗಿತು. ಹತ್ತು ಹೆಜ್ಜೆಗೆ ಸರಿದರೂ ಓಡಲಿಲ್ಲ. ಬೆಳಕು ಒಳ್ಳೆಯದಿತ್ತು, ಆದರೆ ಅದು ಏರಿ ಕುಳಿತ ಕಲ್ಲಿನ ಹಿಂದೆ ನೇರಕ್ಕೆ ಗಾಳಿಯಂತ್ರದ ಕಂಬ ನಿಂತಿತ್ತು. ಚೌಕಟ್ಟಿನಲ್ಲಿ ಅದು ಬೇಡವೆಂದು ನಮ್ಮ ಕ್ಯಾಮೆರಾದ ಗೆಳೆಯನಿಗೆ ಅನ್ನಿಸಿತು. ಓತಿ ಇಳಿದು ಇರುವೆಯೊಂದರ ಬೆನ್ನುಹತ್ತಿದ ಸಮಯ ನೋಡಿ ಆ ಕಲ್ಲನ್ನೆತ್ತಿ ಐದಾರು ಮಾರು ಆಚೆ, ಹಿಂದೆ ಬರೀ ಆಕಾಶ ಬರುವ ಕಡೆಗೆ ಇಟ್ಟ. ಓತಿ ಮರಳಿತು, ತನ್ನ ಕಲ್ಲಿದ್ದ ಜಾಗದಲ್ಲಿ ತುಸು ಹೊತ್ತು ಸುತ್ತಿತು, ಬದುವಿನ ಆಚೆಗೆ ಇಳಿದುಹೋಯಿತು. ಆ ದಿನ ಮತ್ತೆ ಅದು ಕಲ್ಲೇರಲಿಲ್ಲ. ಸರಿದದ್ದು ಒಂದು ಕಲ್ಲು ಮಾತ್ರ, ಕೊಂದದ್ದೇನೂ ಇಲ್ಲವಲ್ಲ ಎಂಬುದು ಅವನ ವಾದ. ಉಳಿದ ಮೂವರಲ್ಲಿ ಒಬ್ಬರು ಅವನ ಪಕ್ಷ, ಇಬ್ಬರು ವಿರುದ್ಧ. ಆ ರಾತ್ರಿ ಊಟ ಮೌನವಾಗಿಯೇ ನಡೆಯಿತು.

ಗೆಳೆಯನ ಮಾತಿನಲ್ಲಿ ಹುರುಳಿಲ್ಲವೆಂದು ಹೇಳುವುದಿಲ್ಲ. ಜನ ಸುಂದರವಾದುದನ್ನು ಪ್ರೀತಿಸುತ್ತಾರೆ, ಪ್ರೀತಿಸಿದ್ದನ್ನು ಉಳಿಸಿಕೊಳ್ಳುತ್ತಾರೆ, ಆದ್ದರಿಂದ ಪ್ರಾಣಿಯನ್ನು ಆದಷ್ಟು ಸುಂದರವಾಗಿ ತೋರಿಸಬೇಕು ಎಂಬುದು ವನ್ಯಜೀವಿ ಚಿತ್ರಗಳ ಹಳೆಯ ನಂಬಿಕೆ. ಅದು ಒಮ್ಮೊಮ್ಮೆ ಫಲ ಕೊಟ್ಟಿದೆ. ನಮ್ಮ ಆಗುಂಬೆಯನ್ನೇ ನೋಡಿ. ರೊಮ್ಯುಲಸ್ ವಿಟೇಕರ್ 1970ರ ದಶಕದ ಆರಂಭದಲ್ಲಿ ಅಲ್ಲಿಗೆ ಬಂದದ್ದು ಕಾಳಿಂಗವನ್ನು ಅರಸಿ. 2005ರಲ್ಲಿ ಅವರು ಅಲ್ಲೇ ಮಳೆಕಾಡು ಸಂಶೋಧನಾ ಕೇಂದ್ರ ಸ್ಥಾಪಿಸಿದರು. ಆನಂತರ ಕಾಳಿಂಗಗಳಿಗೆ ರೇಡಿಯೊ ಪ್ರೇಷಕ ಅಳವಡಿಸಿ ಅವುಗಳ ಬೆನ್ನಿಗೆ ಕಾಡು ಸುತ್ತಿದವರ ಶ್ರಮದಿಂದ ಅದರ ದಿನಚರಿ ಬೆಳಕಿಗೆ ಬಂತು. ಪಶ್ಚಿಮಘಟ್ಟದ ಕಾಳಿಂಗ ಪ್ರತ್ಯೇಕ ಪ್ರಭೇದವೆಂದು 2024ರಲ್ಲಿ ಪ್ರಕಟವಾದಾಗ ಅದರ ವೈಜ್ಞಾನಿಕ ನಾಮದಲ್ಲಿಯೇ ನಮ್ಮ ‘ಕಾಳಿಂಗ’ ಶಬ್ದ ನಿಂತಿತು. ಮನೆಯಂಗಳಕ್ಕೆ ಕಾಳಿಂಗ ಬಂದರೆ ಹೊಡೆಯದೆ ಫೋನು ಮಾಡುವ ರೂಢಿ ಮಲೆನಾಡಿನಲ್ಲಿ ಬೆಳೆದಿದ್ದರೆ ಅದರಲ್ಲಿ ಚಿತ್ರಗಳ ಪಾಲೂ ಇದೆ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಕಾಳಿಂಗದ ಹಿಂದೆ ಚೌಕಟ್ಟಿನಲ್ಲಿ ಬರುವುದು ಕಾಡು. ಕಾಡು ಉಳಿಯಬೇಕೆಂಬುದನ್ನು ಇಂದು ಯಾರೂ ಬಾಯಿಬಿಟ್ಟು ಅಲ್ಲಗಳೆಯುವುದಿಲ್ಲ. ಬಯಲ ಓತಿಯ ಹಿಂದೆ ಬರುವುದು ಬಂಜರು ಎಂದು ಕರೆಸಿಕೊಂಡ ನೆಲ. ಆ ನೆಲವನ್ನು ಚಿತ್ರದಿಂದ ಅಳಿಸಿದರೆ ಓತಿಗೆ ಊರೇ ಇಲ್ಲದಂತಾಗುತ್ತದೆ.

ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಚಾಳಕೇವಾಡಿ ಪ್ರಸ್ಥಭೂಮಿಯ ಕಥೆಯನ್ನು ಇಲ್ಲಿ ಹೇಳಲೇಬೇಕು. ಅಲ್ಲಿ ಎರಡು ದಶಕಗಳಷ್ಟು ಹಳೆಯ ಗಾಳಿಯಂತ್ರಗಳ ತೋಪಿದೆ, ಇದೇ ಸರಡಾ ಕುಲದ ಮತ್ತೊಂದು ಸುಂದರ ಓತಿಯೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಠಾಕರ್ ಮತ್ತು ಸಂಗಡಿಗರು ಯಂತ್ರಗಳಿರುವ ಭಾಗವನ್ನೂ ಇಲ್ಲದ ಭಾಗವನ್ನೂ ಹೋಲಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಂತ್ರಗಳಿಲ್ಲದ ಕಡೆ ಬೇಟೆಹಕ್ಕಿಗಳು ಸುಮಾರು ನಾಲ್ಕು ಪಟ್ಟು ಹೆಚ್ಚು. ಯಂತ್ರಗಳಿರುವ ಕಡೆ ಗಿಡುಗ ಕಡಿಮೆಯಾದ್ದರಿಂದ ಓತಿಗಳ ಸಂಖ್ಯೆಯೇ ಹೆಚ್ಚಿತ್ತು. ಇಷ್ಟಕ್ಕೇ ನಿಲ್ಲಿಸಿದರೆ ಓತಿಗೆ ಲಾಭವೆಂದು ತೋರೀತು. ಆದರೆ ಆ ಓತಿಗಳ ರಕ್ತದಲ್ಲಿ ಭಯದ ಹಾರ್ಮೋನು ತಗ್ಗಿತ್ತು. ಮನುಷ್ಯ ತೀರ ಹತ್ತಿರ ಬರುವವರೆಗೂ ಅವು ಕದಲುತ್ತಿರಲಿಲ್ಲ. ಒಂದೇ ಜಾಗಕ್ಕೆ, ಒಂದೇ ಆಹಾರಕ್ಕೆ ಪೈಪೋಟಿ ಹೆಚ್ಚಿ ಮೈ ಸೊರಗಿ, ಗಂಡುಗಳ ಕೊರಳಿನ ಬಣ್ಣವೂ ಮಂಕಾಗಿತ್ತು.

ಇದನ್ನು ಓದಿದ ಮೇಲೆ ನಮ್ಮ ಮೂರನೆಯ ದಿನವನ್ನು ಮತ್ತೆ ನೆನೆಯಿರಿ. ಹತ್ತು ಹೆಜ್ಜೆಗೂ ಓಡದ ಓತಿ ನಮ್ಮ ಕುಶಲತೆಗೆ ಸಿಕ್ಕ ಬಹುಮಾನವೆಂದು ನಾವು ಬೀಗಿದ್ದೆವು. ಅಳವಂಡಿಯ ಒಂದು ಓತಿಯ ನಡತೆಯಿಂದ ಚಾಳಕೇವಾಡಿಯ ತೀರ್ಮಾನವನ್ನು ಎಳೆದು ತರುವುದು ವಿಜ್ಞಾನವಲ್ಲ, ಒಪ್ಪುತ್ತೇವೆ. ಆದರೂ ಪ್ರಾಣಿ ಸಲೀಸಾಗಿ ಚಿತ್ರ ಕೊಟ್ಟಾಗ ಕೇಳಬೇಕಾದ ಪ್ರಶ್ನೆ ಒಂದಿತ್ತು: ಇದಕ್ಕೇಕೆ ಭಯವಿಲ್ಲ? ಉತ್ತರದ ಸುಳಿವು ಇದ್ದಿರಬಹುದಾದ ವಸ್ತುವನ್ನೇ ನಾವು ಚೌಕಟ್ಟಿನಿಂದ ಹೊರಗಿಡಲು ಕಲ್ಲು ಹೊತ್ತೆವು.

ಗಾಳಿಯಂತ್ರವನ್ನು ವಿರೋಧಿಸುವುದು ಈ ಬರಹದ ಗುರಿಯಲ್ಲ. ಕಲ್ಲಿದ್ದಲಿನ ಹೊಗೆಗಿಂತ ಗಾಳಿ ಮೇಲೆಂದು ಈ ಪುಟಗಳಲ್ಲಿಯೇ ಬರೆದವರು ನಾವು. ತೊಂದರೆ ಇರುವುದು ಬೇರೆಡೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ವ್ಯಾಪ್ತಿಗೆ ಗಾಳಿ ವಿದ್ಯುತ್ತು ಬರುವುದಿಲ್ಲ, ಸೌರ ಫಲಕಗಳ ಘಟಕಗಳಿಗೂ ವಿನಾಯಿತಿಯಿದೆ. ಎಂದರೆ, ಯಂತ್ರ ನೆಡುವ ಮುನ್ನ ಆ ನೆಲದಲ್ಲಿ ಯಾವ ಜೀವಿ ಇದೆಯೆಂದು ಆ ಅಧಿಸೂಚನೆಯ ಪ್ರಕಾರ ಯಾರೂ ಕೇಳಬೇಕಿಲ್ಲ, ಯಾರೂ ಹೇಳಬೇಕಿಲ್ಲ. ಅದಕ್ಕೂ ಹಿಂದಿನ ಪಾಪ ‘ಬಂಜರು’ ಎಂಬ ಪದದ್ದು. ಕಂದಾಯ ಬಾರದ ನೆಲವನ್ನೆಲ್ಲ ಬ್ರಿಟಿಷರು ಒಂದೇ ಹೆಸರಿನಲ್ಲಿ ಬರೆದಿಟ್ಟರು. ಸ್ವತಂತ್ರ ಭಾರತ 2000ದಲ್ಲಿ ಬಂಜರು ಭೂಮಿಯ ನಕ್ಷಾಸಂಪುಟವನ್ನೇ ಹೊರತಂದಿತು. ಹುಲ್ಲುಗಾವಲು, ಕುರುಚಲು, ಕಲ್ಲುಭೂಮಿ ಇವೆಲ್ಲ ಅದರಲ್ಲಿ ಸೇರಿಹೋದವು. ಕುರಿಗೆ ಮೇವು, ತೋಳಕ್ಕೆ ಅಡಗುತಾಣ, ಓತಿಗೆ ಸಿಂಹಾಸನವಾಗಿದ್ದ ಜಾಗ ಕಾಗದದ ಮೇಲೆ ಖಾಲಿ.

ಈ ತಪ್ಪಿನಲ್ಲಿ ಪರಿಸರದವರಾದ ನಮ್ಮ ಪಾಲೂ ಸಣ್ಣದಲ್ಲ. ಬಯಲು ಕಂಡರೆ ಸಸಿ ನೆಡುವ ಚಪಲ ನಮಗೆ. ಎರೆಭೂತವೆಂದು ಕರೆಸಿಕೊಂಡ ಹೆಬ್ಬಕ್ಕಿಗೂ ಕೃಷ್ಣಮೃಗಕ್ಕೂ ಹೆಸರಾಗಿದ್ದ ರಾಣೆಬೆನ್ನೂರಿನ ಹುಲ್ಲುಬಯಲಿನಲ್ಲಿ ನೀಲಗಿರಿ ಬೆಳೆಸಿದ ಮೇಲೆ ಏನಾಯಿತೆಂಬುದು ಎಲ್ಲರಿಗೂ ಗೊತ್ತು. ಆ ಹಕ್ಕಿ ಅಲ್ಲಿ ಈಗ ಇಲ್ಲ. ನಮ್ಮ ಒಕ್ಕೂಟವೂ ಒಂದು ಕಾಲದಲ್ಲಿ ಬಯಲುಸೀಮೆಗೆ ಲಾರಿಗಟ್ಟಲೆ ಸಸಿ ಕಳಿಸಿ, ಹಸಿರು ಹರಡಿದೆವೆಂದು ಇದೇ ಪತ್ರಿಕೆಯಲ್ಲಿ ಭಾವಚಿತ್ರ ಹಾಕಿಕೊಂಡದ್ದುಂಟು. ನೆರಳಿನಲ್ಲಿ ಹುಟ್ಟಿ ಬೆಳೆದವರಿಗೆ ಬಿಸಿಲೇ ಬದುಕಾದ ಜೀವಿಗಳಿವೆಯೆಂದು ಹೊಳೆಯುವುದು ತಡ.

ಆದ್ದರಿಂದಲೇ ಚಿತ್ರೀಕರಣ ಮುಖ್ಯವಾಗುತ್ತದೆ. ಯಾರೂ ಸಮೀಕ್ಷೆ ಮಾಡದ ನೆಲದಲ್ಲಿ, ದಿನಾಂಕ, ಹೊತ್ತು, ಹಿಂದಿನ ಬಯಲು, ಬದುವಿನ ಕಲ್ಲು, ಗಾಳಿಯಂತ್ರ ಎಲ್ಲವೂ ಕಾಣುವ ಎರಡು ನಿಮಿಷದ ಚಿತ್ರ ಒಂದು ಸಾಕ್ಷ್ಯ. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎಂದು ನಮ್ಮಲ್ಲಿ ಹಂಗಿಸುತ್ತಾರೆ, ಕಳ್ಳನಿಗೆ ಕಳ್ಳನೇ ಸಾಕ್ಷಿ ಎಂಬ ಅರ್ಥದಲ್ಲಿ. ಎರೆಬಯಲಿನ ಓತಿಗೆ ಆ ಬೇಲಿಗೂಟದ ಸಾಕ್ಷಿಯೂ ಇಲ್ಲ. ಇಂಥ ಚಿತ್ರಕ್ಕೆ ಬಣ್ಣ ತುಸು ಕಡಿಮೆಯಾದರೂ ಆದೀತು, ನೆಲ ತಪ್ಪಬಾರದು. ಕಲ್ಲು ಸರಿಸುವಂತಿಲ್ಲ, ಪ್ರಾಣಿಯನ್ನು ಹಿಡಿದು ಕೂರಿಸುವಂತಿಲ್ಲ, ಹುಳ ತೋರಿಸಿ ಕರೆಯುವಂತಿಲ್ಲ. ಘಟ್ಟದ ಮಳೆಗಾಲದಲ್ಲಿ ರಾತ್ರಿಯೆಲ್ಲ ಟಾರ್ಚು ಹಿಡಿದು ಮಲಬಾರ್ ಮಂಡಲಹಾವನ್ನು ಕೋಲಿನಿಂದ ಒಳ್ಳೆಯ ಕೊಂಬೆಗೆ ‘ವರ್ಗಾಯಿಸುವ’ ಮಿತ್ರರು ಇದನ್ನು ಗಮನಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ಬೇಟೆಯೆಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಅಟ್ಟುವುದು, ಆಮಿಷವೊಡ್ಡುವುದು, ಸರೀಸೃಪದ ಮೊಟ್ಟೆಯನ್ನು ಕದಲಿಸುವುದೂ ಬೇಟೆಯೇ. ಒಂದು ಪ್ರಾಣಿ ಅನುಸೂಚಿಯಲ್ಲಿ ಇದೆಯೋ ಇಲ್ಲವೋ ಎಂದು ಪುಟ ತಿರುವಿ ನೋಡಿ ಆಮೇಲೆ ಕೈ ಹಿಂದೆಗೆಯುವುದು ನಮಗೆ ಶೋಭಿಸದು.

ಕನ್ನಡಿಗರಿಗೆ ಓತಿಯ ಬೆನ್ನುಹತ್ತುವುದು ಹೊಸತೇನಲ್ಲ. 1980ರಲ್ಲಿ ಪ್ರಕಟವಾದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯ ಹುಡುಕಾಟವೇ ಹಾರುವ ಓತಿಯದು. ಆ ತಂಡದಲ್ಲೊಬ್ಬ ಕ್ಯಾಮೆರಾದವನೂ ಇದ್ದಾನೆ. ಕೊನೆಗೆ ಓತಿ ಯಾರ ಕೈಯಲ್ಲಿಯೂ ಉಳಿಯುವುದಿಲ್ಲ. ಓದುಗರು ಅದಕ್ಕಾಗಿ ಕೊರಗಿದ್ದನ್ನು ನಾವು ಕೇಳಿಲ್ಲ.

ಸಾಕ್ಷ್ಯದ ಮಾತು ಬಂದಾಗ ಇನ್ನೊಂದು ತೊಡಕು ಎದುರಾಗುತ್ತದೆ, ಇದು ಕಲ್ಲಿನ ಜಗಳಕ್ಕಿಂತ ಕಠಿಣವಾದುದು. ಸಾಕ್ಷ್ಯಕ್ಕೆ ಸ್ಥಳ ಬೇಕು. ಸ್ಥಳ ಬಯಲಾದರೆ ಕಳ್ಳರೂ ಬರುತ್ತಾರೆ. ಚೀನಾದ ಗುಹೆಗಳ ಹಲ್ಲಿಯೊಂದನ್ನು 1999ರಲ್ಲಿ ವಿಜ್ಞಾನಿಗಳು ವರ್ಣಿಸಿ ಪ್ರಕಟಿಸಿದ ಬೆನ್ನಿಗೇ ಸಾಕುಪ್ರಾಣಿ ವ್ಯಾಪಾರದವರು ಅದರ ನೆಲೆಗೆ ನುಗ್ಗಿದರು. ವಿಜ್ಞಾನದ ವರ್ಣನೆಯೇ ಪ್ರಾಣಿಗೆ ಮುಳುವಾಗಬಲ್ಲದು ಎಂದು 2006ರಲ್ಲಿ ನಾಲ್ವರು ತಜ್ಞರು ‘ಸೈನ್ಸ್’ ಪತ್ರಿಕೆಯಲ್ಲಿ ಎಚ್ಚರಿಸಬೇಕಾಯಿತು. ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ಒಣಸೀಮೆಯ ಎರಡು ತಲೆ ಹಾವನ್ನೇ ನೋಡಿ. ವಿಷವಿಲ್ಲದ, ಮೊಂಡುಬಾಲದ ಈ ಮಣ್ಣುಹಾವಿಗೆ ನಿಧಿ ತೋರುವ ಶಕ್ತಿಯಿದೆಯೆಂಬ ಮೂಢನಂಬಿಕೆ ಹಬ್ಬಿಸಿ, ತೂಕದ ಮೇಲೆ ಲಕ್ಷಗಳ ಲೆಕ್ಕದಲ್ಲಿ ಬೆಲೆ ಹೇಳಿ ಮಾರಲು ಹೊರಟವರನ್ನು ಪೊಲೀಸರು ಹಿಡಿದ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲಿ ಎಷ್ಟು ಸಲ ಬಂದಿಲ್ಲ? ಅದರ ಚಿತ್ರಕ್ಕೆ ಊರಿನ ಹೆಸರು ಅಂಟಿಸಿ ಹರಿಬಿಡುವುದೆಂದರೆ ಕಳ್ಳನಿಗೆ ದಾರಿ ಬರೆದುಕೊಟ್ಟಂತೆ.

ಬ್ರಿಟನ್ನಿನ ರೂಢಿಯೊಂದು ಇಲ್ಲಿ ಯೋಚನೆಗೆ ಯೋಗ್ಯ. ಆ ದ್ವೀಪದ ನೆಲದಲ್ಲಿ ಸ್ಥಳೀಯ ಸರೀಸೃಪಗಳಿರುವುದು ಆರೇ ಆರು, ಮೂರು ಹಾವು, ಮೂರು ಹಲ್ಲಿಜಾತಿಯವು. ನಮ್ಮ ಒಂದು ಅಡಿಕೆ ತೋಟದಲ್ಲಿ ಅದಕ್ಕಿಂತ ಹೆಚ್ಚು ಸಿಕ್ಕಾವು! ಅಷ್ಟು ಕಡಿಮೆ ಇರುವುದರಿಂದಲೋ ಏನೋ, ಅಲ್ಲಿನ ಹವ್ಯಾಸಿಗಳು ಇರುವುದನ್ನೇ ವರ್ಷಾನುಗಟ್ಟಲೆ ನೋಡುತ್ತಾರೆ. ಆಡ್ಡರ್ ಎಂಬ ಮಂಡಲಹಾವು ಚಳಿಗಾಲದ ನಿದ್ದೆ ಮುಗಿಸಿ ಪ್ರತಿ ವಸಂತದಲ್ಲಿ ಅದದೇ ಜಾಗಕ್ಕೆ ಬಿಸಿಲು ಕಾಯಲು ಬರುತ್ತದೆ. ತಲೆಯ ಮೇಲಿನ ಗುರುತು ನೋಡಿ ಒಂದೊಂದನ್ನೂ ಬೇರೆಬೇರೆಯಾಗಿ ಗುರುತಿಸಿ ಲೆಕ್ಕವಿಡುವವರಿದ್ದಾರೆ. ಅವರು ಮುಟ್ಟುವುದಿಲ್ಲ, ಜಾಗವನ್ನು ದಾಖಲೆಗೆ ಕೊಡುತ್ತಾರೆ, ದಾರಿಹೋಕರಿಗೆ ಹೇಳುವುದಿಲ್ಲ. ಮರಳುಹಲ್ಲಿ, ನುಣುಪುಹಾವುಗಳಂಥ ಅಪರೂಪದವನ್ನು ಕದಲಿಸಬೇಕಾದರೆ ಪರವಾನಗಿಯೇ ಬೇಕು.

ನಮ್ಮಲ್ಲಿಯೂ ಅಂಥ ದಾಖಲೆಗೆ ಕಾನೂನಿನ ಜಾಗವೊಂದಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಆ ಸಮಿತಿ ಊರಿನ ಜನರೊಡನೆ ಕೂತು ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಈ ದಾಖಲಾತಿಗಳಲ್ಲಿ ಎಷ್ಟೋ ಕಚೇರಿಯಲ್ಲಿ ಕೂತು ಒಂದರ ನಕಲನ್ನು ಇನ್ನೊಂದಕ್ಕೆ ಇಳಿಸಿದವು ಎಂಬ ಆರೋಪ ನಮಗೂ ಗೊತ್ತು. ಆದರೂ ನಾಳೆ ಯಾರಾದರೂ ಇದು ಖಾಲಿ ನೆಲವೆಂದಾಗ ಪಂಚಾಯಿತಿಯವರು ತೆರೆದು ತೋರಿಸಬಹುದಾದ ಪುಸ್ತಕ ಅದೊಂದೇ. ಅದರಲ್ಲಿ ಓತಿಯ ಹೆಸರಿಲ್ಲದಿದ್ದರೆ ತಪ್ಪು ಪಂಚಾಯಿತಿಯದಷ್ಟೇ ಅಲ್ಲ, ಐದು ದಿನ ಚಿತ್ರ ತೆಗೆದು ಒಂದು ಹಾಳೆಯನ್ನೂ ಅಲ್ಲಿ ಬಿಟ್ಟುಬಾರದ ನಮ್ಮದೂ ಹೌದು.

ಹೀಗಾಗಿ ಸಂಪಾದಕ ಮಂಡಳಿ ತನ್ನ ಮಟ್ಟಿಗೆ ಒಂದು ನಿಲುವಿಗೆ ಬಂದಿದೆ. ಒಕ್ಕೂಟದ ಸಭೆ ಇದನ್ನು ಒಪ್ಪಬಹುದು, ತಳ್ಳಬಹುದು. ಚಿತ್ರದ ಪೂರ್ಣ ಪ್ರತಿ, ಸರ್ವೆ ನಂಬರು, ಬದುವಿನ ಗುರುತುಗಳ ಸಮೇತ, ಊರಿನ ಸಮಿತಿಗೆ ಮತ್ತು ಹೊಲದ ಒಡೆಯರಿಗೆ ಹೋಗಬೇಕು. ಹೊರಗಿನವರಿಗೆ ತೋರಿಸುವ ಪ್ರತಿಯಲ್ಲಿ ತಾಲ್ಲೂಕಿನ ಹೆಸರಿಗಿಂತ ಹೆಚ್ಚಿನ ವಿಳಾಸ ಇರಕೂಡದು. ಈ ಬರಹದಲ್ಲಿ ಅಳವಂಡಿಯ ಹೆಸರು ಬಂದದ್ದೇ ಹೆಚ್ಚಾಯಿತೆಂದು ಮಂಡಳಿಯಲ್ಲೊಬ್ಬರು ಆಕ್ಷೇಪಿಸಿದ್ದಾರೆ. ಅಳವಂಡಿಯ ಸುತ್ತ ಎರೆಹೊಲ ಹರದಾರಿಗಟ್ಟಲೆ ಹರಡಿರುವುದರಿಂದ ಹೆಸರನ್ನು ಉಳಿಸಿಕೊಂಡಿದ್ದೇವೆ. ಎರಡು ತಲೆ ಹಾವು, ಉಡ, ನಕ್ಷತ್ರ ಆಮೆಗಳ ವಿಷಯದಲ್ಲಾದರೆ ಜಿಲ್ಲೆಯನ್ನೂ ಹೇಳುತ್ತಿರಲಿಲ್ಲ.

ಕ್ಯಾಮೆರಾದ ಗೆಳೆಯ ನಾಲ್ಕನೆಯ ದಿನ ಬೆಳಕು ಹರಿಯುವ ಮುನ್ನವೇ ಒಬ್ಬನೇ ಎದ್ದುಹೋಗಿ ಆ ಕಲ್ಲನ್ನು ಮೊದಲಿದ್ದ ಗುಳಿಯಲ್ಲಿಯೇ ಕೂರಿಸಿ ಬಂದ. ಅದನ್ನು ನಮಗೆ ಹೇಳಿದ್ದು ಅವನಲ್ಲ, ಕುರಿಯ ಅಜ್ಜ. ಐದನೆಯ ಬೆಳಗ್ಗೆ, ಒಂಬತ್ತು ಹತ್ತರ ನಡುವೆ, ಅದರ ಮೇಲೊಂದು ಗಂಡು ಓತಿ ಬಂದು ಕುಳಿತಿತು, ಹಿಂದಿನದೋ ಬೇರೆಯದೋ. ಈ ಸಲ ಅದು ಮೂವತ್ತು ಹೆಜ್ಜೆ ಆಚೆಯಿಂದಲೇ ನಮ್ಮನ್ನು ನೋಡಿ ಎರಡು ಸಲ ಇಳಿದು ಓಡಿತು. ಮೂರನೆಯ ಸಲ ಏರಿ ಕೊರಳು ಬಿಚ್ಚಿದ್ದನ್ನು ಹಿಡಿಯಲು ಸಾಧ್ಯವಾಯಿತು. ಒಂದು ನಿಮಿಷ ನಲವತ್ತು ಸೆಕೆಂಡು. ಓತಿ ಚೌಕಟ್ಟಿನಲ್ಲಿ ಹೆಬ್ಬೆರಳಿನಷ್ಟಿದೆ, ಹಿಂದೆ ಬಿರಿದ ನೆಲವೂ ಕುರಿಹಿಂಡೂ ತಿರುಗುವ ರೆಕ್ಕೆಯೂ ಇವೆ. ಗಾಳಿಯ ಸದ್ದಿನಲ್ಲಿ ಅಜ್ಜ ಕುರಿ ಕೂಗುವ ದನಿಯೂ ಸೇರಿಕೊಂಡಿದೆ. ಅದನ್ನು ತೆಗೆಯಬಾರದೆಂದು ತೀರ್ಮಾನಿಸಿದ್ದೇವೆ. ದೀಪಾವಳಿ ಕಳೆದ ಮೇಲೆ, ಹಿಂಗಾರಿ ಬಿತ್ತನೆಯ ಗಡಿಬಿಡಿ ಮುಗಿದಾಗ, ಚಿತ್ರವನ್ನು ಊರಿನವರಿಗೆ ತೋರಿಸಲು ಹೋಗಲಿದ್ದೇವೆ. ಕೊಪ್ಪಳ, ಗದಗ ಕಡೆಯ ಓದುಗರಲ್ಲಿ ಪರದೆ ಮತ್ತು ಪ್ರೊಜೆಕ್ಟರು ಒದಗಿಸಬಲ್ಲವರು ದಯಮಾಡಿ ಪತ್ರ ಬರೆಯಿರಿ.